ಠಾಣೆಯಲ್ಲಿ ಬರೆದುಕೊಟ್ಟ ಮಾತು

ಅಪ್ಪ,

ಅಮ್ಮ ಈಗ ನಮ್ಮ ಮನೆಯಲ್ಲಿದ್ದಾಳೆ. ಇವತ್ತು ಮಾತ್ರೆ ಬೇಡವೆಂದು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು. ನಾನು ಬೇಡಿಕೊಂಡೆ, ಗದರಿದೆ, ಕೊನೆಗೆ ಲೋಟ ಕುಕ್ಕಿ ಎದ್ದುಬಂದೆ. ಹಟದಲ್ಲಿ ನಿಮಗೆ ಸರಿಯಾದ ಜೋಡಿ.

ನೀವು ಒಮ್ಮೆಯೂ ಅಳಿಯ ಅನ್ನದ ನನ್ನ ಗಂಡ ವೈರಿಂಗ್ ಕೆಲಸ ಮುಗಿಸಿ ಬಂದವರು, ಕೈ ತೊಳೆದು ಮಂಚದ ಪಕ್ಕ ಕೂತರು. "ಅತ್ತೆ, ಇದೊಂದು ನುಂಗಿಬಿಡಿ. ನಿಮ್ಮ ಮಗಳ ಮೇಲೆ ಒಂದು ರಾಶಿ ದೂರು ಇಟ್ಕೊಂಡಿದ್ದೀನಿ, ಬಾಗಿಲು ಹಾಕ್ಕೊಂಡು ಹೇಳ್ತೀನಿ" ಅಂದರು. ಅಮ್ಮ ಈಚೆ ತಿರುಗಿ ಬಾಯಿ ತೆರೆದಳು. ನುಂಗಿ ತುಟಿ ಒರೆಸಿಕೊಂಡು, "ಪುಸಲಾಯಿಸೋದು ನಿಮ್ಮಿಂದ ಕಲೀಬೇಕು" ಅಂದಳು.

ಅಂದುಬಿಟ್ಟು ಅವಳೇ ಗಾಬರಿಯಾದಳು. ನಮ್ಮ ಮನೆಯಲ್ಲಿ ಆ ಮಾತು ಯಾರೂ ಆಡುವುದಿಲ್ಲ. "ನನ್ನ ಮಗಳನ್ನು ಪುಸಲಾಯಿಸಿ ಕರೆದೊಯ್ದಿದ್ದಾನೆ" ಅಂತ ಠಾಣೆಯಲ್ಲಿ ನೀವು ಬರೆದುಕೊಟ್ಟಿದ್ದಿರಲ್ಲ, ಅದೇ ಮಾತು.

ಇವರು ಮಾತ್ರ ನಕ್ಕರು. "ಹೌದತ್ತೆ, ಮಾವನವರೇ ಬರೆದುಕೊಟ್ಟಿದ್ದಾರಲ್ಲ!" ಅಮ್ಮನೂ ಕಣ್ಣೊರೆಸಿಕೊಳ್ಳುತ್ತಾ ನಕ್ಕಳು. ನಾನು ಲೋಟ ತೊಳೆಯಲು ಒಳಗೆ ಹೋದೆ.

ಆಸ್ಪತ್ರೆಯಲ್ಲಿ ಕೊನೆಕೊನೆಗೆ ಯಾರು ಎಷ್ಟು ಹೇಳಿದರೂ ನೀವು ಮಾತ್ರೆಗೆ ಬಾಯಿ ತೆರೆಯಲಿಲ್ಲವಂತೆ. ಇವರು ಕೆಳಗೆ ಗೇಟಿನ ಹತ್ತಿರವೇ ನಿಂತಿದ್ದರು, ಅಪ್ಪ.