ಎರಡನೇ ನೀಲಿ

ಅಕ್ಟೋಬರ್ 4, ಸಂಜೆ
ಹವಳ ಸಾಕಿರುವ ಗಾಜಿನ ತೊಟ್ಟಿಯ ಉಪ್ಪು ಅಳೆದಾಯಿತು. ಆವಿಯಾದಷ್ಟು ನೀರು ಸೇರಿಸಿಯಾಯಿತು. ಗಾಜೂ ಫಳಫಳ. ಇನ್ನು ಕಾಯುವುದಷ್ಟೇ! ಬಿಳಿ ಎಲ್‌ಇಡಿ ಮೊದಲು ಇಳಿಯುತ್ತದೆ, ಹಿಂದೆಯೇ ನೀಲಿಯೂ ಆರುತ್ತದೆ... ಆಮೇಲೆ, ಒಂದು ಉಸಿರಿನಷ್ಟು ಕತ್ತಲೆ ಕಳೆದು, ನೀಲಿ ಇನ್ನೊಮ್ಮೆ ಮೆಲ್ಲಗೆ ಏರಿ ಇಳಿಯುತ್ತದೆ. ಹವಳಕ್ಕೆ ಅದರಿಂದ ಏನೂ ಲಾಭವಿಲ್ಲ. ಅದು ನನಗೆ! ಹಡಗು ಹತ್ತುವ ಮುನ್ನ ನನ್ನ ಗಂಡ ಬಾರ್ತೋಲ್ ದೀಪದ ಕಂಟ್ರೋಲರಿಗೆ ಕಲಿಸಿ ಹೋದದ್ದು. "ದಿನಕ್ಕೊಂದು ಮುತ್ತು ನಿನ್ನ ಕೆನ್ನೆಗೆ, ತಪ್ಪೋದಿಲ್ಲ," ಎಂದಿದ್ದ. ಸೋ ಸಿಲ್ಲಿ. ಸೋ ಸ್ವೀಟ್.

ಅತ್ತೆ ಜೋರ್ಕಾ (ನಾನು ಅಮ್ಮ ಎನ್ನುವುದು ಇವರನ್ನೇ) ಹಾದು ಹೋಗುತ್ತಾ, "ಒಂದು ಮೀನೂ ಇಲ್ಲದ ತೊಟ್ಟಿ ಮುಂದೆ ಏನೇ ನೀವೆಸ್, ನಿನ್ನ ಧ್ಯಾನ? ಹುರಿಯೋಕೂ ಆಗಲ್ಲ, ತಿನ್ನೋಕೂ ಆಗಲ್ಲ!"

ಅಕ್ಟೋಬರ್ 9
ಅವನ ಮೆಸೇಜ್. ಮುಂದಿನ ಬಂದರಿನವರೆಗೆ ನೆಟ್ ಇರುವುದಿಲ್ಲವಂತೆ. ನೆಟ್ ಇದ್ದರೆ ಅವನು ಎಲ್ಲಿದ್ದರೂ ತನ್ನ ಫೋನಿನಿಂದಲೇ ಈ ದೀಪಗಳನ್ನು ಆಡಿಸಬಲ್ಲ. ಈಗ ಅದೂ ಇಲ್ಲ. ಹಸಿರು ಹವಳ ಮಾತ್ರ ಖುಷಿಯಾಗಿ ತೂಗಾಡುತ್ತಿದೆ. ಮದುವೆಗೆ ಅವನು ಕೊಟ್ಟದ್ದು. ಉಂಗುರಕ್ಕಿಂತ ನನಗೆ ಇದೇ ಪ್ರಾಣ.

ಅಕ್ಟೋಬರ್ 17
ಬಾಕರ್ ಕೊಲ್ಲಿಯ ಮೇಲೆ ಗುಡುಗು. ನಾನು ಕ್ಲಿನಿಕ್‌ನಲ್ಲಿ, ಡ್ಯೂಟಿ ಮೇಲೆ. ಈ ಊರಿನ ಎಲ್ಲ ಹೆಂಗಸರ ಹಾಗೆ ಅಮ್ಮನೂ ಮೊದಲ ಗುಡುಗಿಗೇ ಮನೆಯ ಪ್ಲಗ್ಗುಗಳನ್ನೆಲ್ಲ ಕಿತ್ತರು — ಫ್ರಿಜ್, ಟೀವಿ, ತೊಟ್ಟಿಯದೂ. ಕರೆಂಟ್ ತಪ್ಪಿದರೆ ಆ ಕಂಟ್ರೋಲರ್ ಡಬ್ಬಿ ಕಲಿತದ್ದನ್ನೆಲ್ಲ ಮರೆಯುತ್ತದೆ. ಬರುವಷ್ಟರಲ್ಲಿ ಬಿಳಿ ದೀಪ ಪೂರ್ತಿ ಉರಿಯುತ್ತಿತ್ತು. ಹವಳ ಮುದುಡಿತ್ತು, ತುದಿಗಳು ಬಿಳಿಚಿದ್ದವು.

"ಅಮ್ಮಾ, ಇದನ್ಯಾಕೆ ಕಿತ್ರಿ?"

"ಇನ್ನೇನು, ಸಿಡಿಲು ಹೊಡೆದು ಮನೆ ಸುಡ್ಲಾ? ವಾಪಸ್ ಹಾಕಿದೀನಲ್ಲೇ! ಮೊದಲಿಗಿಂತ ಜೋರಾಗೇ ಉರೀತಿದೆ."

ಬಾತ್‌ರೂಮಿಗೆ ಹೋಗಿ ಅತ್ತುಬಿಟ್ಟೆ.

ಅಕ್ಟೋಬರ್ 18
ಬಿಳಿ ದೀಪದ ಗುಂಡಿಯನ್ನು ಅರ್ಧಕ್ಕಿಂತ ಕೆಳಗೆ ತಿರುಗಿಸಿದೆ. ಸೂರ್ಯೋದಯ, ಸೂರ್ಯಾಸ್ತ ಎರಡನ್ನೂ ಹೊಸದಾಗಿ ಸೆಟ್ ಮಾಡಿದೆ. ಎರಡನೇ ನೀಲಿ... ಬೆರಳು ಬಟನ್‌ವರೆಗೂ ಹೋಯಿತು. ಒತ್ತಲಿಲ್ಲ. ನನ್ನ ಕೆನ್ನೆಗೆ ನಾನೇ ಮುತ್ತಿಟ್ಟುಕೊಳ್ಳಲೇ?

ಇಷ್ಟು ಬೇಗ ತೊಟ್ಟಿ ಬಿಟ್ಟು ಯಾಕೆ ಎದ್ದೆ ಎಂದು ಅಮ್ಮ ಕೇಳಿದರು. ಹೇಳಿಬಿಟ್ಟೆ, ಎಲ್ಲವನ್ನೂ. ಅಮ್ಮ ಬೆಳ್ಳುಳ್ಳಿ ಸುಲಿಯುತ್ತಲೇ ಇದ್ದರು.

ಅಕ್ಟೋಬರ್ 26
ನೀಲಿ ಮತ್ತೆ ಬಂತು! ಒದ್ದೆ ಬಟ್ಟೆ ಹಿಡಿದೇ ಬಾಲ್ಕನಿಯಿಂದ ಓಡಿದೆ. ಕತ್ತಲಲ್ಲಿ ಅಮ್ಮ. ಕೈ ನೀಲಿ ದೀಪದ ಗುಂಡಿಯ ಮೇಲೆ. ಬೆಳಕು ಕುಂಟುತ್ತಾ ಏರಿತು, ದಡಕ್ಕನೆ ಇಳಿಯಿತು.

"ಸರಿಯಾಗಿ ಬಂತೇನೇ?"

ನಾನು ಒದ್ದೆ ಬಟ್ಟೆಯನ್ನು ಎದೆಗವಚಿಕೊಂಡೆ.

"ನಿನ್ನ ಗಂಡನ ಅಪ್ಪ ಕೊಲ್ಲಿ ದಾಟುವಾಗ ಹಡಗಿನ ದೀಪ ಆರಿಸಿ ಇನ್ನೊಂದ್ಸಲ ಹಚ್ತಿದ್ರು. ನಾನು ಆ ಕಿಟಕೀಲಿ, ಬಾರ್ತೋಲ್ ನನ್ನ ಸೊಂಟದ ಮೇಲೆ. ಮತ್ತೆ, ಇದೆಲ್ಲ ಅವನ ಸ್ವಂತ ತಲೆ ಅನ್ಕೊಂಡ್ಯಾ?"

ತಬ್ಬಿಕೊಂಡೆ. "ಬಿಡೇ ಹುಚ್ಚಿ, ಒದ್ದೆ ಬಟ್ಟೆ!"

ನವೆಂಬರ್ 11, ಸಂಜೆ
ಸಂತ ಮಾರ್ಟಿನನ ಹಬ್ಬ. ಹೊಸ ವೈನ್ ರುಚಿ ನೋಡಿ ತಲೆ ಹಗುರ. ಹವಳ ಅರಳಿದೆ! ತುದಿಗಳಲ್ಲಿ ಹಸಿರು! ಅಮ್ಮನ ಕೈಯೂ ಈಗ ಪಳಗಿದೆ, ಒಂದು ಸಂಜೆಯೂ ತಪ್ಪಿಸಿಲ್ಲ. ಈಗ ಅಡುಗೆಮನೆಯಲ್ಲಿ ಮೀನು ಹೆಚ್ಚುತ್ತಿದ್ದಾರೆ, ನಾನು ಎದುರಿಗೇ ಕೂತು ಬರೆಯುತ್ತಿದ್ದೇನೆ. ಬಾಗಿಲಾಚೆ ತೊಟ್ಟಿ ಕಾಣುತ್ತದೆ. ಬಿಳಿ ಇಳಿಯಿತು.

"ಅಮ್ಮಾ, ಹೊತ್ತಾಯ್ತು."

"ಕೈಯೆಲ್ಲ ಮೀನು ಕಣೇ. ಒಂದಿನ ಮುತ್ತಿಲ್ಲದಿದ್ರೆ ಸಾಯಲ್ಲ ನೀನು."

ನೀಲಿಯೂ ಆರಿತು. ಕತ್ತಲೆ.

ಏರುತ್ತಿದೆ. ಮೆಲ್ಲಗೆ, ಕುಂಟದೆ... ಅಮ್ಮ ಚಾಕು ಕೆಳಗಿಟ್ಟರು.

"ನೀವೆಸ್... ನಾನು ಇಲ್ಲೇ ಇದೀನಲ್ಲೇ —"

ಫೋನ್ ಎಲ್ಲಿಟ್ಟೆ, ನನ್ನ ಫೋನ್