ತೊಳೆಯದ ತಿರುಳು

ಉಗಿಯೂರು, ೨೩೧೨, ಮಾರ್ಚ್ ೯

ನೂರು ವರ್ಷದಾಚೆಯ ನಮ್ಮವರಿಗೆ,

ಏಳನೇ ಬಾವಿಯ ಕಲ್ಲನ್ನು ನಾವು ತೊಳೆದು ತೋರಿಸಿದೆವು. ಅದನ್ನು ನಂಬಿ ನಲವತ್ತು ಮನೆಯವರು ಮೇಲಿನ ಇಳಿಜಾರಿನಲ್ಲಿ ಸಂಸಾರ ಹೂಡಿದರು. ಇದು ಅನ್ಯಾಯ. ತೊಳೆದವರಲ್ಲಿ ನಾನೂ ಒಬ್ಬಳು. ನನ್ನ ಹೆಸರು ನೀಲಾಂಬಿ, ವಯಸ್ಸು ಹತ್ತೊಂಬತ್ತು. ಕಲಿತದ್ದೆಲ್ಲ ಕರಪತ್ರಗಳಿಂದ. ನನ್ನ ಮಾತು ನಿಮ್ಮ ಕಾಲಕ್ಕೆ ವಿಚಿತ್ರವೆನಿಸಿದರೆ ಕ್ಷಮಿಸಿ. ಮಾಡಿದ್ದನ್ನು ಮಾತ್ರ ಕ್ಷಮಿಸಬೇಡಿ.

ನಮ್ಮೂರು ನೆಲದೊಳಗಿನ ಉಗಿಯಿಂದ ಬದುಕುತ್ತದೆ. ಅನ್ನ ಬೇಯುವುದು, ದೀಪ ಉರಿಯುವುದು, ಮಗ್ಗ ಓಡುವುದು ಅದರಿಂದಲೇ. ಬಾವಿ ಕೊರೆದಾಗ ಮೇಲೆ ಬರುವ ಉದ್ದನೆಯ ಕಲ್ಲಿನ ಕೋಲನ್ನು 'ತಿರುಳು' ಎನ್ನುತ್ತೇವೆ. ಊರಿಗೆ ತೋರಿಸುವ ಮುನ್ನ ಅದಕ್ಕೆ ಐದು ಕೊಡ ನೀರು ಸುರಿದು, ನಾರಿನಿಂದ ತಿಕ್ಕುವುದು ಪದ್ಧತಿ. ಹೊಳೆದರೆ ನೆಲ ಭದ್ರವೆಂದು ಎಲ್ಲರೂ ನಿಶ್ಚಿಂತರಾಗುತ್ತಾರೆ.

ಆದರೆ ಕೆಳಗಿನ ನೀರು ಸುಮ್ಮನೆ ಕುದಿಯುವುದಿಲ್ಲ. ಬಿರುಕುಗಳಲ್ಲಿ ಏರುತ್ತ ಕಲ್ಲಿನೊಳಗಿನ ಸೋಡಿಯಂ, ಪೊಟ್ಯಾಸಿಯಂ ಎಳೆದುಕೊಂಡು ಕಲ್ಲನ್ನೇ ಜೇಡಿಮಣ್ಣಾಗಿಸುತ್ತದೆ. ಕರಗಿಸಿಕೊಂಡ ಸಿಲಿಕಾವನ್ನು ತಾನು ತಣ್ಣಗಾದಲ್ಲಿ ಇಳಿಸಿ, ಬಿರುಕನ್ನು ಬೆಣಚುಕಲ್ಲಿನಿಂದ ಮುಚ್ಚುತ್ತದೆ. ಒಂದೇ ತಿರುಳಿನಲ್ಲಿ ಒಂದು ಗೇಣು ಗಾಜಿನಷ್ಟು ಗಟ್ಟಿ, ಮುಂದಿನ ಗೇಣು ಸಾಬೂನಿನಷ್ಟು ಮೆದು. ಆ ಜೇಡಿ ನೀರು ಕುಡಿದು ಉಬ್ಬಿದರೆ ಗುಡ್ಡವೇ ಜಾರುತ್ತದೆ. ನಾವು ತಿಕ್ಕಿ ತೆಗೆದದ್ದು ಅದನ್ನೇ. ಚರಂಡಿಯಲ್ಲಿ ಹರಿದುಹೋದ ಬಿಳಿ ನೀರನ್ನು ಯಾರೂ ಬಗ್ಗಿ ನೋಡಲಿಲ್ಲ.

ನನ್ನ ಚಿಗವ್ವ ಫಕೀರವ್ವನ ಮನೆ ಆ ಇಳಿಜಾರಿನಲ್ಲೇ ಇದೆ. ಈ ವರ್ಷ ಮೂರು ಸಲ ಕೆತ್ತಿಸಿದರೂ ಅವಳ ಬಾಗಿಲು ಚೌಕಟ್ಟಿಗೆ ಕೂಡಲಿಲ್ಲ. ನಿನ್ನೆ ಸಭೆಯಲ್ಲಿ, ಅಲ್ಲಿಂದ ಹೊಸದಾಗಿ ತೆಗೆದ ತಿರುಳನ್ನು ತೊಳೆಯದೆ ತೋರಿಸೋಣ ಎಂದೆ. ಬಾವಿ ಮೇಸ್ತ್ರಿ ಮುರಿಗೆಪ್ಪ, "ಕೆಸರು ಮೆತ್ತಿದ್ದನ್ನ ಮಂದಿ ಮುಂದ ಇಡ್ತೀಯೇನವಾ? ನಾಕು ಹಾಳಿ ಓದಿ ನಮಗ ಬುದ್ಧಿ ಹೇಳಾಕ ಬಂದಾಳ ನೋಡ್ರಿ!" ಎಂದರು. ಎಲ್ಲರೂ ನಕ್ಕರು. ಚಿಗವ್ವ ಎದ್ದು ನಿಂತಳು. "ನಗ್ರೆಪಾ, ನಗ್ರಿ. ಇವತ್ತ ಮಕ್ಕಳನ್ನ ಕರಕೊಂಡು ನಮ್ಮನಿಗೆ ಮಲಗಾಕ ಬರ್ರಿ." ನಗು ನಿಂತಿತು, ತೊಳೆಯದೆಯೇ ತೋರಿಸಲು ಸಭೆ ಒಪ್ಪಿತು.

ಇಂದು ತಿರುಳನ್ನು ಹಾಗೆಯೇ ಜಗಲಿಯ ಮೇಲಿಟ್ಟೆವು. ಮುರಿಗೆಪ್ಪನವರೇ ಉಗುರು ಒತ್ತಿದರು, ಪೂರ್ತಿ ಇಳಿಯಿತು. ಮಧ್ಯಾಹ್ನ ತಮ್ಮ ಗಾಡಿ ಹೂಡಿಕೊಂಡು ಬಂದು ಚಿಗವ್ವನ ಪಾತ್ರೆಪಡಗ ಹೇರಿದರು. ನಲವತ್ತು ಮನೆಗಳೂ ಈ ವಾರ ಕೆಳಗಿಳಿಯುತ್ತವೆ.

ಖಾಲಿ ಇಳಿಜಾರು ಮುಂದೆ ನಿಮಗೆ ಚೆಂದ ಕಾಣುತ್ತದೆ. ಗಾಳಿ ಒಳ್ಳೆಯದು, ದೂರದ ಹೊಳೆ ಕಾಣುತ್ತದೆ. ಅಷ್ಟು ದಿನವೂ ನೀರು ಒಳಗೆ ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಅಲ್ಲಿ ಮನೆಗೆ ಅಡಿಗಲ್ಲು ಕೂರಿಸುವ ಮುನ್ನ ಒಂದು ತಿರುಳು ತೆಗೆದು, ತೊಳೆಯದೆ ತನ್ನಿ. ನಮ್ಮದಕ್ಕೆ ಕೆಡದಂತೆ ಅರಗು ಹಚ್ಚಿ ಬಾವಿಯ ಕಟ್ಟೆಯೊಳಗೆ ಇಟ್ಟಿರುತ್ತೇವೆ. ಎರಡನ್ನೂ ಪಕ್ಕಪಕ್ಕ ಇಟ್ಟು, ಊರೆದುರು ನೋಡಬೇಕು. ೨೪೧೨ ಮಾರ್ಚ್ ೯, ಶುಕ್ರವಾರ, ಬೆಳಿಗ್ಗೆ ಏಳು ಗಂಟೆಗೆ, ಏಳನೇ ಬಾವಿಯ ಕಟ್ಟೆಯ ಹತ್ತಿರ ಬನ್ನಿ.