ಕಟ್ಟೆಯ ಮೇಲೆ ಕುಳಿತ ಇಬ್ಬರು

ಜಮಖಂಡಿ,
ಫೆಬ್ರುವರಿ ೧೮, ೨೦೧೬

ಪ್ರಿಯ ಹೊಳೆಪ್ಪ,

ನಿನ್ನೆ ಕಾಲೇಜಿನ ಗ್ರಂಥಾಲಯದಲ್ಲಿ ನಿನ್ನ ಮೇಜಿನ ಮುಂದೆ ಎರಡು ಸಲ ಹಾದುಹೋದೆ. ನೀನು ತಲೆಯೆತ್ತಲಿಲ್ಲ. ಎತ್ತಿದ್ದರೆ ಏನು ಹೇಳುತ್ತಿದ್ದೆನೋ ನನಗೇ ತಿಳಿಯದು. ಒಂದೇ ಊರಿನಲ್ಲಿ ದುಡಿಯುವವನಿಗೆ ಅಂಚೆಯಲ್ಲಿ ಪತ್ರ ಹಾಕುವ ವಿಪರೀತಕ್ಕೆ ಕಾರಣ ಅದೇ.

ನಿವೃತ್ತನಾದ ನನಗೆ ಗಣಕಯಂತ್ರ ಕಲಿಸಿದವನು ನೀನು. “ಸರ, ಗಣಕಯಂತ್ರ ಗಣಕಯಂತ್ರ ಅನಬ್ಯಾಡ್ರಿ, ಅದು ಬೆದರಿ ಬಂದ್ ಬೀಳತೈತಿ. ಕಂಪ್ಯೂಟರ್ ಅಂದ್ರ ಮಾತ್ ಕೇಳತೈತ್ರಿ” ಎಂದು ನಗಿಸುತ್ತ ಕಲಿಸಿದೆ. ಕೃಷ್ಣೆಯ ದಂಡೆಯ ಹಳ್ಳಿಗಳ ಚರಿತ್ರೆಯನ್ನು ಬರೆಯಹೊರಟ ನನಗೆ ಪರದೇಶಗಳ ಗ್ರಂಥಾಲಯಗಳು ಬಾಗಿಲು ತೆರೆದದ್ದು ನಿನ್ನ ಮೇಜಿನ ಮೇಲೆಯೇ. ಒಂದು ಪದಕ್ಕೆ ಏನೂ ಸಿಗದಿದ್ದರೆ ಯಾವ ಪದ ಹಾಕಿ ಹುಡುಕಬೇಕು, ಒಂದು ಚಿತ್ರದ ಅಡಿಬರಹವನ್ನು ಹಿಡಿದು ಇಡೀ ಸಂಗ್ರಹದೊಳಕ್ಕೆ ಹೇಗೆ ಇಳಿಯಬೇಕು ಎಂಬುದನ್ನೆಲ್ಲ ಬೇಸರಿಸದೆ ತೋರಿಸಿದೆ.

ಪ್ರತಿಯಾಗಿ ನೀನು ಕೇಳಿದ್ದು ಒಂದನ್ನೇ. ಅರವತ್ತರ ದಶಕದಲ್ಲಿ ನಮ್ಮ ಹೊಳೆಸಾಲಿನಲ್ಲಿ ತಿರುಗಾಡಿದ್ದ ವಿದೇಶಿ ಕೃಷಿತಜ್ಞನೊಬ್ಬನ ಛಾಯಾಚಿತ್ರಗಳನ್ನು ಅವನ ದೇಶದ ವಿಶ್ವವಿದ್ಯಾಲಯವೊಂದು ಜಾಲತಾಣಕ್ಕೆ ಏರಿಸಿತ್ತು. ಚಿತ್ರಗಳು ಸಾವಿರಾರು, ಊರುಗಳ ಹೆಸರೇ ಇಲ್ಲ. ಕೆಲಸದ ನಡುವೆ ಅವನ್ನೆಲ್ಲ ನೋಡಲು ನಿನಗೆ ಬಿಡುವಿರಲಿಲ್ಲ. “ಅಪ್ಪ ಹೋದಾಗ ನಾ ತೊಟ್ಟಲದಾಗ ಇದ್ನಿರಿ. ಅಂವಂದೊಂದು ಫೋಟೋ ಇಲ್ಲ. ಆ ಸಾಹೇಬ ನಮ್ಮ ಕಟ್ಟಿ ಮ್ಯಾಲ ಕೂತವರನ್ನ ತಗದಿದ್ದ ಅಂತ ಅವ್ವ ಹೇಳತಾಳ. ಕಂಡ್ರ ತಿಳಸ್ರಿ ಸರ” ಎಂದೆ. ಗುರುತನ್ನು ನಿನ್ನ ತಾಯಿ ಸಾತವ್ವನವರೇ ಹೇಳಿದ್ದರು: ಬಾಗಿಲ ಬಲಕ್ಕೆ, ಗೋಡೆಯಲ್ಲಿ ಹುದುಗಿದ ಬೀಸುಕಲ್ಲಿನ ಅರ್ಧ ಹೋಳು.

ಆ ಮನೆ, ಆ ಗೋಡೆ, ಬೀಳಗಿ ತಾಲೂಕಿನ ಆ ಊರು ಇಂದು ಅಣೆಕಟ್ಟಿನ ಹಿನ್ನೀರಿನ ಅಡಿಯಲ್ಲಿವೆ. ಆದರೆ ಕಳೆದ ಆಷಾಢದಲ್ಲಿ ಬೀಸುಕಲ್ಲಿನ ಆ ಹೋಳು ನನ್ನ ಪರದೆಯ ಮೇಲೆ ಮೂಡಿತು. ಪಕ್ಕದ ಕಟ್ಟೆಯ ಮೇಲೆ ಇಬ್ಬರು ಕುಳಿತಿದ್ದರು. ಒಬ್ಬ ರುಮಾಲಿನವನು, ಒಬ್ಬ ಬರಿದಲೆಯವನು. ಇಬ್ಬರೂ ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಗುತ್ತಿದ್ದರು.

ನಾನು ನಿನಗೆ ತಿಳಿಸಲಿಲ್ಲ.

ಆ ಚಿತ್ರ ಬೀಗ ಹಾಕಿದ ವಸ್ತುವಲ್ಲ. ಲೋಕದಲ್ಲಿ ಯಾರು ಬೇಕಾದರೂ ನೋಡಬಹುದಿತ್ತು. ಅದರ ವಿಳಾಸವನ್ನು ನಿನಗೆ ಕಳಿಸದೆ ಉಳಿದದ್ದೇ ನಾನು ಅದನ್ನು ಬಚ್ಚಿಟ್ಟ ರೀತಿ. ಪುಸ್ತಕ ಹೊರಬರುವ ಮೊದಲೇ ಸುದ್ದಿ ಹಬ್ಬಿದರೆ ಬೇರೆ ಯಾರಾದರೂ ಪತ್ರಿಕೆಗೆ ಬರೆದು, ಶೋಧಿಸಿದ ಹೆಸರು ಅವರದಾದೀತೆಂಬ ಅಂಜಿಕೆ. ವೇದಿಕೆಯ ಮೇಲೆ ನಿಮಗೊಂದು ಅಚ್ಚರಿ ಕೊಡಬೇಕು ಎಂಬುದು ಆ ಅಂಜಿಕೆಗೆ ನಾನು ತೊಡಿಸಿದ ಒಳ್ಳೆಯ ಅಂಗಿ. ದಸರೆಗೆ ಆಗಬೇಕಿದ್ದ ಬಿಡುಗಡೆ ಸಂಕ್ರಾಂತಿಯನ್ನೂ ದಾಟಿತು. ಅಷ್ಟರಲ್ಲಿ ಸಾತವ್ವನವರ ಎರಡೂ ಕಣ್ಣು ಹೋಗಿದ್ದವು. ಒಳಗಿನ ನರವೇ ಸತ್ತಿದೆ, ಇನ್ನು ದೃಷ್ಟಿ ಮರಳದೆಂದು ಬಾಗಲಕೋಟೆಯ ವೈದ್ಯರು ಹೇಳಿದ್ದನ್ನು ನೀನು ಬಿಡುಗಡೆಯ ದಿನ ಸಭಾಂಗಣದ ಬಾಗಿಲಲ್ಲಿ ತಿಳಿಸಿದೆ. ಆಕೆಯ ಕಣ್ಣಿಗೆ ಬೇನೆ ಇದೆಯೆಂಬುದು ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ.

ತಿಳಿದ ಮೇಲಾದರೂ ಸುಮ್ಮನಿರಬೇಕಿತ್ತು. ಹಾರ ಬಿದ್ದ ಕೊರಳು ಸುಮ್ಮನಿರಲಿಲ್ಲ. ಎಲ್ಲರೆದುರು ಆ ಪುಟವನ್ನು ತೆರೆದು ಆಕೆಯ ಮಡಿಲಲ್ಲಿಟ್ಟೆ. ಆಕೆ ಅಂಗೈಯಿಂದ ಸವರಿ, “ನುಣ್ಣಗೈತಲ್ರಿ ಮಾಸ್ತರ. ನಮ್ಮ ಗ್ವಾಡಿ ಹಿಂಗಿರಲಿಲ್ಲ” ಎಂದರು. ಸಭೆ ನಕ್ಕಿತು. ಮರುಕ್ಷಣವೇ ಕೇಳಿದರು: “ಕಟ್ಟಿ ಮ್ಯಾಲ ಯಾರ ಕೂತಾರ?”

ರುಮಾಲಿನವನೊಬ್ಬ, ಬರಿದಲೆಯವನೊಬ್ಬ ಎಂದೆ.

“ನಮ್ಮ ಮನ್ಯಾವ್ರು ಒಮ್ಮೆ ರುಮಾಲ ಸುತ್ತತಿದ್ರು, ಒಮ್ಮೆ ಇಲ್ಲ. ಇನ್ನೊಬ್ಬಂವ ಅವರ ಗೆಳ್ಯಾ ಲಗಮಪ್ಪ ಇರಬೇಕ್ರಿ. ಮಾರಿ ಹೆಂಗೈತಿ ಹೇಳ್ರಿ, ಯಾರ್ಯಾರಂತ ನಾ ಹೇಳತೇನಿ.”

ಉದ್ದ ಮುಖ, ದಟ್ಟ ಮೀಸೆ ಎಂದೆ. ಇಬ್ಬರದೂ ಹಾಗೆಯೇ ಇತ್ತು ಎಂದರು. ನಕ್ಕರೆ ಹೇಗೆ ಕಾಣುತ್ತಾರೆ ಎಂದರು. ಒಂದು ಆಯುಷ್ಯವಿಡೀ ಕನ್ನಡ ಕಲಿಸಿ, ಸಿಕ್ಕವರ ಮಾತನ್ನೆಲ್ಲ ತಿದ್ದಿದ ನನಗೆ ಒಂದು ನಗೆಯನ್ನು ಇನ್ನೊಂದರಿಂದ ಬೇರ್ಪಡಿಸುವ ನುಡಿ ಹೊಳೆಯಲಿಲ್ಲ. ಆಕೆಯ ಕುರ್ಚಿಯ ಹಿಂದೆ ಬಾಗಿ ನಿಂತ ನಿನ್ನ ಕಣ್ಣು ಒಬ್ಬನಿಂದ ಇನ್ನೊಬ್ಬನಿಗೆ, ಅವನಿಂದ ಮತ್ತೆ ಇವನಿಗೆ ಹೋಗಿಬರುತ್ತಿದ್ದುದನ್ನು ನೋಡಿದೆ. ಕೊನೆಗೆ ನೀನೇ “ಬಿಡಬೇ ಯವ್ವಾ, ಬಸ್ ತಪ್ಪತೈತಿ” ಎಂದು ಆಕೆಯನ್ನು ಎಬ್ಬಿಸಿದೆ.

ಆ ಮುಖಗಳನ್ನು ಬಲ್ಲವರು ನಿಮ್ಮ ಪುನರ್ವಸತಿ ಕೇಂದ್ರದಲ್ಲಿ ಆಕೆಯ ಹೊರತು ಒಬ್ಬರೂ ಉಳಿದಿಲ್ಲ. ನನ್ನ ಪುಸ್ತಕದಲ್ಲಿ ಆ ಚಿತ್ರದ ಕೆಳಗೆ ‘ಕುಳಿತವರು ಅಜ್ಞಾತರು’ ಎಂದಿದೆ. ಅಚ್ಚಾದ ದಿನ ಅದನ್ನು ಬರಿಯ ಅಡಿಬರಹವೆಂದುಕೊಂಡಿದ್ದೆ. ಅವರನ್ನು ಅಜ್ಞಾತರನ್ನಾಗಿ ಮಾಡಿದವನು ನಾನೇ.

ಚಿತ್ರದ ವಿಳಾಸವನ್ನೂ ಅದರ ಅತಿ ದೊಡ್ಡ ಪ್ರತಿಯನ್ನೂ ಇಂದು ನಿನಗೆ ಮಿಂಚಂಚೆಯಲ್ಲಿ ಕಳಿಸಿದ್ದೇನೆ. ಕ್ಷಮೆಯನ್ನು ಕೇಳುವ ಬಾಯಿ ನನಗಿಲ್ಲ. ನೀನು ಒಪ್ಪಿದರೆ, ಬಂದು ನಿನ್ನ ತಾಯಿಯ ಬಳಿ ಕುಳಿತು, ಆ ಇಬ್ಬರ ಕಿವಿ, ಹುಬ್ಬು, ಬೆರಳು, ಕಾಲು ಮಡಚಿದ ಬಗೆ, ಆಕೆ ಕೇಳಿದ್ದನ್ನೆಲ್ಲ ಆಕೆಯ ಮಾತಿನಲ್ಲಿಯೇ ಹೇಳಲು ಯತ್ನಿಸುವೆ. ನೀನು ಬೇಡವೆಂದರೆ ಬರಲಾರೆ.

ತಲೆ ತಗ್ಗಿಸಿ,
ನಿನ್ನ
ಧರೆಪ್ಪ

ಮ.ಬ.: ಬೇನೆಯ ವಿಷಯ ತಿಳಿದಿರಲಿಲ್ಲವೆಂದು ಮೇಲೆ ಬರೆದದ್ದು ಸುಳ್ಳು. ಹಾಳೆಯನ್ನು ಬದಲಿಸಿ ಶುದ್ಧ ಪ್ರತಿ ಮಾಡಬಹುದಿತ್ತು. ಮಾಡುವುದಿಲ್ಲ, ನೀನು ಅದನ್ನೂ ಓದು. ಶ್ರಾವಣದಲ್ಲಿ ಬೀಳಗಿಯ ಕಡೆ ಬಂದಾಗ, ನೀನಿಲ್ಲದ ಹೊತ್ತಿನಲ್ಲಿ ನಿಮ್ಮ ಮನೆಗೆ ಹೋಗಿದ್ದೆ. ಮುದ್ರಕನಿಗೆಂದು ತೆಗೆಸಿದ ಆ ಚಿತ್ರದ ಪ್ರತಿ ನನ್ನ ಚೀಲದಲ್ಲಿತ್ತು. ಸಾತವ್ವನವರು ಹೊಸ್ತಿಲ ಬಳಿ ಹಳೆಯ ಸೀರೆಗಳ ಕೌದಿ ಹೊಲಿಯುತ್ತಿದ್ದರು. “ಒಂದು ಕಣ್ಣಿಗೆ ಕತ್ತಲಿ ಬಂದೈತ್ರಿ ಮಾಸ್ತರ. ಇನ್ನೊಂದು ಇರೂದ್ರಾಗ ಹುಡುಕಿ ಕೊಡ್ರಿ” ಎಂದರು. ಹುಡುಕುತ್ತಿದ್ದೇನೆ ಎಂದೆ. ಆಕೆ ನನ್ನನ್ನು ನಂಬಿ ತಲೆಯಾಡಿಸಿ, ಸೂಜಿಯನ್ನು ಬೆಳಕಿಗೆ ಹಿಡಿದು, ತಾವೇ ದಾರ ಪೋಣಿಸಿಕೊಂಡರು.